ಅವರ್ ವರ್ಲ್ಡ್ ಇನ್ ಡೇಟಾ: ತಂತ್ರಜ್ಞಾನ ಚೆನ್ನಾಗಿ ಕಾಣುತ್ತದೆ, ನೆಲ ಕಾಣುವುದಿಲ್ಲ

ಕೆಲವು ದೇಶಗಳು ಯಾಕಿಷ್ಟು ಶ್ರೀಮಂತ, ಕೆಲವು ಯಾಕಿಷ್ಟು ಬಡ ಎಂದು ಕೇಳಿಕೊಂಡು ಬರುವ ವಿದ್ಯಾರ್ಥಿಗಳಿಗೆ ನಾನು ಪಠ್ಯಪುಸ್ತಕಕ್ಕಿಂತ ಮೊದಲು ತೆರೆದು ತೋರಿಸುವುದು ಅವರ್ ವರ್ಲ್ಡ್ ಇನ್ ಡೇಟಾ ಎಂಬ ಜಾಲತಾಣವನ್ನು. ಆರ್ಥಿಕ ಭೂಗೋಳ ಪಾಠ ಮಾಡುವ ನನಗೆ ಇದು ದಿನನಿತ್ಯದ ಸಲಕರಣೆ. ಇಷ್ಟು ಬಳಸಿದ ಮೇಲೆ ಇದರ ಬಗ್ಗೆ ಸರಿಯಾಗಿ ಬರೆಯಬೇಕು ಅನ್ನಿಸಿತು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ತಂತ್ರಜ್ಞಾನ ಯಾವ ದೇಶಕ್ಕೆ ಯಾವಾಗ ಬಂತು, ಬಂದ ಮೇಲೆ ಎಷ್ಟು ಜನರ ಕೈಸೇರಿತು ಎಂಬುದನ್ನು ತೋರಿಸುವುದರಲ್ಲಿ ಇದನ್ನು ಮೀರಿಸುವ ಉಚಿತ ತಾಣ ನನಗೆ ಸಿಕ್ಕಿಲ್ಲ. ಭೂಗೋಳದ ವಿಷಯಕ್ಕೆ ಬಂದರೆ ಮಾತ್ರ ಇದರಲ್ಲಿ ದೊಡ್ಡದೊಂದು ಕೊರತೆ ಇದೆ. ಅದು ಗೊತ್ತಿಲ್ಲದೆ ಓದಿದವರು ತಪ್ಪು ತೀರ್ಮಾನಕ್ಕೆ ಬರುವ ಅಪಾಯವೂ ಇದೆ.

ತಾಣದ ಪರಿಚಯ ಇಲ್ಲದವರಿಗೆ ಎರಡು ಮಾತು. ಅರ್ಥಶಾಸ್ತ್ರಜ್ಞ ಮ್ಯಾಕ್ಸ್ ರೋಸರ್ ಕಟ್ಟಿದ ಈ ತಾಣ 2014ರಿಂದ ಸಾರ್ವಜನಿಕವಾಗಿ ಲಭ್ಯವಿದೆ. ಗ್ಲೋಬಲ್ ಚೇಂಜ್ ಡೇಟಾ ಲ್ಯಾಬ್ ಎಂಬ ಲಾಭರಹಿತ ಸಂಸ್ಥೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರ ಜೊತೆ ಸೇರಿ ಇದನ್ನು ನಡೆಸುತ್ತದೆ. ಜಾಹೀರಾತಿಲ್ಲ, ಲಾಗಿನ್ ಇಲ್ಲ, ಹಣ ಕೇಳುವ ಗೋಡೆಯೂ ಇಲ್ಲ. ಚಾರ್ಟ್‌ಗಳನ್ನು ಮೂಲ ಹೆಸರಿಸಿ ಯಾರು ಬೇಕಾದರೂ ಬಳಸಬಹುದು. ಪಾಠ ಮಾಡುವವರಿಗೆ ಇದೊಂದೇ ಸಾಕಷ್ಟು ದೊಡ್ಡ ಉಪಕಾರ.

ಪಾಠಕ್ಕೆ ಬರುವ ಮೊದಲು ನಾನು ಸರಕು ಸಾಗಣೆ ಸಂಸ್ಥೆಯೊಂದರ ದಾಖಲೆ ವಿಭಾಗದಲ್ಲಿದ್ದೆ. ಬಿಲ್ ಆಫ್ ಲೇಡಿಂಗ್ ಎಂಬ ಹಡಗು ಸರಕಿನ ರಸೀದಿ ತಯಾರಿಸುವುದು, ಟ್ರಾನ್ಸಿಟ್ ಕಾಗದ ಹೊಂದಿಸುವುದು, ಕಂಟೇನರ್ ಎಲ್ಲಿದೆ ಎಂದು ಫೋನಿನಲ್ಲಿ ವಿಚಾರಿಸುವುದು ನನ್ನ ಕೆಲಸ. ಹಾಗಾಗಿ ಯಾವುದೇ ದೇಶದ ಹೆಸರು ಕಂಡರೂ ನನ್ನ ತಲೆಗೆ ಮೊದಲು ಬರುವುದು ಅದರ ತಲಾ ಆದಾಯವಲ್ಲ, ಅದಕ್ಕೆ ಯಾವ ಬಂದರು ಎಂಬ ಪ್ರಶ್ನೆ. ಈ ವಿಮರ್ಶೆಯಲ್ಲೂ ಆ ಅಭ್ಯಾಸ ಇಣುಕುತ್ತದೆ.

ತಾಣ ತೆರೆದವರು ಮೊದಲು ಹೋಗಬೇಕಾದದ್ದು ತಲಾ ಜಿಡಿಪಿಯ, ಅಂದರೆ ದೇಶದ ಒಟ್ಟು ಉತ್ಪನ್ನವನ್ನು ಜನಸಂಖ್ಯೆಯಿಂದ ಭಾಗಿಸಿದ ಲೆಕ್ಕದ, ಚಾರ್ಟ್‌ಗೆ. ಇದರಲ್ಲಿ ಎರಡು ಬಗೆ ಇವೆ. ಒಂದು ವಿಶ್ವಬ್ಯಾಂಕಿನ ಅಂಕಿಅಂಶದ ಮೇಲೆ ನಿಂತಿದ್ದು, 1990ರಿಂದ ಶುರುವಾಗುತ್ತದೆ. ಇನ್ನೊಂದು ಆಂಗಸ್ ಮ್ಯಾಡಿಸನ್ ಆರಂಭಿಸಿದ ಚಾರಿತ್ರಿಕ ಲೆಕ್ಕಾಚಾರವನ್ನು ಅವರ ನಂತರ ಗ್ರೋನಿಂಗನ್ ವಿಶ್ವವಿದ್ಯಾಲಯದವರು ಮುಂದುವರಿಸಿದ್ದು, ಶತಮಾನಗಳ ಹಿಂದಕ್ಕೆ ಹೋಗುತ್ತದೆ. ಎರಡನೆಯದನ್ನು ತೆಗೆದು ವರ್ಷದ ಗುಂಡಿಯನ್ನು 1820ಕ್ಕೆ ಎಳೆಯಿರಿ. ಆಗಿನ ಶ್ರೀಮಂತ ದೇಶಕ್ಕೂ ಬಡ ದೇಶಕ್ಕೂ ನಾಲ್ಕೈದು ಪಟ್ಟಿನ ಆಸುಪಾಸು ಅಂತರ. ಅಲ್ಲಿಂದ ಈಚೆಗೆ ಎಳೆಯುತ್ತಾ ಬಂದರೆ ಗೆರೆಗಳು ಬೇರೆ ಬೇರೆಯಾಗುತ್ತಾ ಹೋಗಿ, ಇಂದು ಎರಡು ತುದಿಗಳ ನಡುವಿನ ಅಂತರ ಐವತ್ತು ಪಟ್ಟನ್ನೂ ಮೀರುತ್ತದೆ. ಎರಡು ಶತಮಾನದಲ್ಲಿ ನೆಲ, ನದಿ, ಬೆಟ್ಟ ಯಾವುದೂ ಜಾಗ ಬದಲಿಸಿಲ್ಲ, ಅಂತರ ಮಾತ್ರ ಹೀಗೆ ಬೆಳೆದಿದೆ. ವಿದ್ಯಾರ್ಥಿಗಳು ಈ ಚಾರ್ಟ್ ನೋಡಿದ ಮೇಲೆ ಕೇಳುವ ಪ್ರಶ್ನೆಗಳೇ ಬೇರೆಯಾಗುತ್ತವೆ.

ಇಲ್ಲೊಂದು ಸಣ್ಣ ಗುಂಡಿ ಇದೆ, ಅದನ್ನು ಒತ್ತದೆ ಹೋಗಬೇಡಿ. ಲೀನಿಯರ್‌ನಿಂದ ಲಾಗ್ ಸ್ಕೇಲ್‌ಗೆ ಬದಲಿಸುವ ಗುಂಡಿ ಅದು. ಸಾಮಾನ್ಯ ಅಳತೆಯಲ್ಲಿ ನೋಡಿದರೆ ಬಡ ದೇಶಗಳೆಲ್ಲ ತಳಕ್ಕೆ ಅಂಟಿಕೊಂಡು ಒಂದೇ ಗೆರೆಯಂತೆ ಕಾಣುತ್ತವೆ, ಅಲ್ಲಿ ಏನೂ ನಡೆದೇ ಇಲ್ಲವೇನೋ ಅನ್ನಿಸುತ್ತದೆ. ಲಾಗ್ ಅಳತೆಯಲ್ಲಿ ಒಂದು ಸಾವಿರದಿಂದ ಎರಡು ಸಾವಿರ ಡಾಲರ್‌ಗೆ ಏರುವುದಕ್ಕೂ ಇಪ್ಪತ್ತು ಸಾವಿರದಿಂದ ನಲವತ್ತು ಸಾವಿರಕ್ಕೆ ಏರುವುದಕ್ಕೂ ಸಮಾನ ಎತ್ತರ ಸಿಗುತ್ತದೆ. ಆಗ ದಕ್ಷಿಣ ಕೊರಿಯಾದ ಏರಿಕೆ ಎಷ್ಟು ಕಡಿದಾಗಿತ್ತು, ಜಾಂಬಿಯಾ ಎಲ್ಲಿ ಎಡವಿತು, ಬೋಟ್ಸ್ವಾನ ಎಲ್ಲಿ ಅದನ್ನು ದಾಟಿತು ಎಲ್ಲವೂ ಕಣ್ಣಿಗೆ ಬೀಳುತ್ತದೆ. ಒಂದು ಎಚ್ಚರಿಕೆಯ ಮಾತು: ಐರ್ಲೆಂಡ್, ಲಕ್ಸೆಂಬರ್ಗ್‌ನಂಥ ದೇಶಗಳ ಸಂಖ್ಯೆಯನ್ನು ಹಾಗೆಯೇ ನಂಬಬಾರದು. ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಆಸ್ತಿಯನ್ನು ಲೆಕ್ಕಪತ್ರದಲ್ಲಿ ಅಲ್ಲಿಗೆ ವರ್ಗಾಯಿಸಿದ್ದರಿಂದ 2015ರ ಒಂದೇ ವರ್ಷದಲ್ಲಿ ಐರ್ಲೆಂಡಿನ ಜಿಡಿಪಿ ಕಾಲು ಭಾಗದಷ್ಟು ಜಿಗಿಯಿತು. ಅಲ್ಲಿನ ಮನೆಗಳ ಆದಾಯ ಹಾಗೇನೂ ಜಿಗಿದಿರಲಿಲ್ಲ.

ಇನ್ನು ತಂತ್ರಜ್ಞಾನದ ಭಾಗ. ಈ ತಾಣವನ್ನು ನಾನು ಇಷ್ಟಪಡಲು ಮುಖ್ಯ ಕಾರಣವೇ ಇದು.

ಎಲ್ಲರೂ ಹಂಚಿಕೊಳ್ಳುವ ಚಾರ್ಟ್ ಒಂದಿದೆ: ಅಮೆರಿಕದ ಮನೆಗಳಿಗೆ ಫೋನು, ವಿದ್ಯುತ್ತು, ರೇಡಿಯೊ, ಫ್ರಿಜ್ಜು, ಬಣ್ಣದ ಟಿವಿ, ಇಂಟರ್‌ನೆಟ್ಟು ಹೇಗೆ ಒಂದರ ಹಿಂದೊಂದು ಬಂದವು ಎಂದು ತೋರಿಸುವುದು. ಹಳೆಯ ಗೆರೆಗಳು ನಿಧಾನಕ್ಕೆ ಏರುತ್ತವೆ, ಹೊಸವು ನೆಟ್ಟಗೆ ನಿಲ್ಲುತ್ತವೆ. ನೋಡಲು ಬಹಳ ಚೆಂದ. ಆದರೆ ಅದು ಒಂದೇ ದೇಶದ ಕಥೆ, ಅದೂ ಸರಾಸರಿಯ ಕಥೆ. 1930ರ ಹೊತ್ತಿಗೆ ಅಮೆರಿಕದ ನಗರಗಳಲ್ಲಿ ಹತ್ತರಲ್ಲಿ ಒಂಬತ್ತು ಮನೆಗೆ ವಿದ್ಯುತ್ತಿದ್ದರೆ, ಹಳ್ಳಿಗಾಡಿನ ಜಮೀನುಗಳಲ್ಲಿ ಹತ್ತರಲ್ಲಿ ಒಂದಕ್ಕೆ ಮಾತ್ರ ಇತ್ತು. ಮನೆಯಿಂದ ಮನೆಗೆ ದೂರ, ಕಂಬ ನೆಟ್ಟು ತಂತಿ ಎಳೆದರೆ ಬರುವ ಬಿಲ್ಲಿನಿಂದ ಖರ್ಚು ಹುಟ್ಟುವುದಿಲ್ಲ ಎಂದು ಖಾಸಗಿ ಕಂಪನಿಗಳು ಅತ್ತ ತಿರುಗಿ ನೋಡಲಿಲ್ಲ. 1935ರಲ್ಲಿ ಸರ್ಕಾರ ಗ್ರಾಮೀಣ ವಿದ್ಯುದೀಕರಣ ಇಲಾಖೆ ತೆರೆದು ಸಹಕಾರ ಸಂಘಗಳಿಗೆ ಕಡಿಮೆ ಬಡ್ಡಿಯ ಸಾಲ ಕೊಟ್ಟ ಮೇಲೆಯೇ ತಂತಿ ಹಳ್ಳಿಗೆ ಮುಟ್ಟಿದ್ದು. ಅತಿ ಶ್ರೀಮಂತ ದೇಶದೊಳಗೇ ದೂರ ಅನ್ನುವುದು ಹೀಗೆ ತಡೆಗೋಡೆಯಾಗಿತ್ತು. ಚಾರ್ಟಿನ ನಯವಾದ ಗೆರೆಯಲ್ಲಿ ಇದು ಕಾಣುವುದಿಲ್ಲ, ಪಾಠದಲ್ಲಿ ನಾನು ಸೇರಿಸಿ ಹೇಳುತ್ತೇನೆ.

ದೇಶದೇಶಗಳ ಹೋಲಿಕೆಗೆ ನೆರವಾಗುವುದು ಅರ್ಥಶಾಸ್ತ್ರಜ್ಞರಾದ ಡಿಯೆಗೊ ಕೊಮಿನ್ ಮತ್ತು ಬಾರ್ಟ್ ಹೋಬೈನ್ ಸೇರಿಸಿದ ಚಾರಿತ್ರಿಕ ದತ್ತಾಂಶ. ಉಗಿಹಡಗು, ರೈಲು, ಟೆಲಿಗ್ರಾಫ್, ಟ್ರ್ಯಾಕ್ಟರ್, ಕಾರು ಇವೆಲ್ಲ ಯಾವ ದೇಶದಲ್ಲಿ ಎಷ್ಟಿದ್ದವು ಎಂದು ವರ್ಷವಾರು ಪಟ್ಟಿ ಮಾಡಿದ ಕೆಲಸ ಅದು. ಹದಿನೈದು ತಂತ್ರಜ್ಞಾನ, 166 ದೇಶಗಳನ್ನು ಇಟ್ಟುಕೊಂಡು ಅವರು 2010ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಒಂದು ತಂತ್ರಜ್ಞಾನ ಹುಟ್ಟಿದ ಮೇಲೆ ಒಂದು ದೇಶಕ್ಕೆ ಬಂದು ಸೇರಲು ಸರಾಸರಿ 45 ವರ್ಷ ಹಿಡಿದಿದೆ. ದೇಶಗಳ ನಡುವಿನ ತಲಾ ಆದಾಯದ ವ್ಯತ್ಯಾಸದಲ್ಲಿ ಕನಿಷ್ಠ ಕಾಲು ಭಾಗವನ್ನು ತಂತ್ರಜ್ಞಾನ ಅಳವಡಿಕೆಯ ಈ ವ್ಯತ್ಯಾಸವೇ ವಿವರಿಸುತ್ತದೆ. ಹೊಸ ತಂತ್ರಜ್ಞಾನಗಳು ಹಳೆಯವಕ್ಕಿಂತ ಬೇಗ ಹರಡಿವೆ ಎಂಬುದೂ ಅದರಲ್ಲೇ ಇದೆ.

ಹಾಗಾದರೆ ಅಂತರ ಕಡಿಮೆಯಾಗಬೇಕಿತ್ತಲ್ಲ? ಇದಕ್ಕೆ ಉತ್ತರ ಹುಡುಕಿದ್ದು ಕೊಮಿನ್ ಮತ್ತು ಮಾರ್ಟಿ ಮೆಸ್ಟಿಯೆರಿ. ಅವರು ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಿದರು. ತಂತ್ರಜ್ಞಾನ ಒಂದು ದೇಶಕ್ಕೆ ಬರುವುದು ಒಂದು, ಬಂದದ್ದು ಆಳವಾಗಿ ಹರಡುವುದು ಇನ್ನೊಂದು. ಬರುವುದರಲ್ಲಿನ ವಿಳಂಬ ಎರಡು ಶತಮಾನದಲ್ಲಿ ಕುಗ್ಗುತ್ತಾ ಬಂದಿದೆ. ಹರಡುವುದರಲ್ಲಿನ ಅಂತರ ಮಾತ್ರ ಹಿಗ್ಗಿದೆ. ಅಂದರೆ ರಾಜಧಾನಿಯ ಆಸ್ಪತ್ರೆಗೆ ಸ್ಕ್ಯಾನಿಂಗ್ ಯಂತ್ರ ಬೇಗನೆ ಬರುತ್ತದೆ, ಜಿಲ್ಲೆಯ ಆಸ್ಪತ್ರೆಗೆ ದಶಕಗಳಾದರೂ ಬರುವುದಿಲ್ಲ. ನನ್ನ ಮಟ್ಟಿಗೆ ದೇಶಗಳ ಅಂತರದ ಬಗ್ಗೆ ಕಳೆದ ಕೆಲವು ದಶಕಗಳಲ್ಲಿ ಬಂದ ಅತ್ಯಂತ ಉಪಯುಕ್ತ ವಿಚಾರ ಇದು. ಈ ತಾಣದಲ್ಲಿ ಇದನ್ನು ಕಣ್ಣಾರೆ ಪರೀಕ್ಷಿಸಬಹುದು. ಸ್ಥಿರ ದೂರವಾಣಿ ಮತ್ತು ಮೊಬೈಲ್ ಸಂಪರ್ಕದ ಚಾರ್ಟ್‌ಗಳನ್ನು ಅಕ್ಕಪಕ್ಕ ತೆರೆಯಿರಿ. ಸಹಾರಾದ ದಕ್ಷಿಣದ ಬಹುತೇಕ ದೇಶಗಳಲ್ಲಿ ಸ್ಥಿರ ದೂರವಾಣಿ ನೂರಕ್ಕೆ ಒಂದೆರಡರ ಆಸುಪಾಸಿನಲ್ಲೇ ನಿಂತುಹೋಗಿದೆ. ಮೊಬೈಲ್ ಗೆರೆ 2000ದ ನಂತರ ಎದ್ದು ನಿಲ್ಲುತ್ತದೆ. ಮನೆಮನೆಗೆ ತಂತಿ ಎಳೆಯುವ ಖರ್ಚಿಲ್ಲದ್ದರಿಂದ ದೂರದ ತೊಂದರೆ ಇಲ್ಲಿ ಬಹಳಷ್ಟು ಕರಗಿತು. ಕೀನ್ಯಾದಲ್ಲಿ 2007ರಲ್ಲಿ ಶುರುವಾದ ಎಂ-ಪೆಸಾ ಬ್ಯಾಂಕ್ ಶಾಖೆಯೇ ಇಲ್ಲದ ಊರುಗಳಿಗೆ ಫೋನಿನಲ್ಲೇ ಹಣ ಕಳಿಸುವ ದಾರಿ ತೆರೆದದ್ದು ಈ ಗೆರೆಯ ಮೇಲೆ ನಿಂತೇ.

ಆದರೆ ಮೊಬೈಲ್ ಚಾರ್ಟ್ ಎಣಿಸುವುದು ಸಂಪರ್ಕಗಳನ್ನು, ಮನುಷ್ಯರನ್ನಲ್ಲ. ಒಬ್ಬರ ಹೆಸರಲ್ಲಿ ಎರಡು ಸಿಮ್ ಇದ್ದರೆ ಎರಡೂ ಲೆಕ್ಕಕ್ಕೆ. ನೂರು ಜನಕ್ಕೆ ನೂರಿಪ್ಪತ್ತು ಸಂಪರ್ಕ ಎಂದು ಕಾಣುವ ದೇಶದಲ್ಲೂ ಫೋನಿಲ್ಲದ ಮನೆಗಳಿರುತ್ತವೆ. ಇಂಟರ್‌ನೆಟ್ ಬಳಕೆಯ ಲೆಕ್ಕವನ್ನು ಜೊತೆಗಿಟ್ಟುಕೊಂಡರೆ ಚಿತ್ರ ಸರಿಯಾಗುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 2024ರ ಅಂದಾಜಿನಲ್ಲಿ ಇನ್ನೂ 260 ಕೋಟಿ ಜನ ಇಂಟರ್‌ನೆಟ್ಟಿನ ಹೊರಗಿದ್ದರು.

ಇಂಥ ಎಚ್ಚರಿಕೆಗಳನ್ನು ತಾಣ ಮುಚ್ಚಿಡುವುದಿಲ್ಲ ಎಂಬುದು ನನಗೆ ಅದರ ಮೇಲೆ ಗೌರವ ಹುಟ್ಟಿಸಿದ ಸಂಗತಿ. ಪ್ರತಿ ಚಾರ್ಟಿನ ಕೆಳಗೆ ದತ್ತಾಂಶದ ವಿವರ ತೆರೆಯುವ ಕೊಂಡಿ ಇರುತ್ತದೆ. ವಿದ್ಯುತ್ ಸಂಪರ್ಕದ ಚಾರ್ಟಿನಲ್ಲಿ ಅದನ್ನು ಒಮ್ಮೆ ತೆರೆದು ಓದಿ. ವಿದ್ಯುತ್ ಸಂಪರ್ಕ ಇದೆ ಎನ್ನಲು ಅಂತರರಾಷ್ಟ್ರೀಯವಾಗಿ ಇಟ್ಟುಕೊಂಡ ಕನಿಷ್ಠ ಮಟ್ಟ ಬಹಳ ಕೆಳಗಿದೆ: ದಿನಕ್ಕೆ ನಾಲ್ಕು ಗಂಟೆ, ದೀಪ ಉರಿಸಿ ಫೋನ್ ಚಾರ್ಜ್ ಮಾಡುವಷ್ಟು. ಫ್ರಿಜ್ಜು ಓಡದ, ವೆಲ್ಡಿಂಗ್ ಯಂತ್ರ ಓಡದ, ಹಿಟ್ಟಿನ ಗಿರಣಿ ಓಡದ ಮನೆಯೂ ಆ ನಕ್ಷೆಯಲ್ಲಿ ಬಣ್ಣ ಪಡೆದಿದೆ. ಆ ಮಟ್ಟವನ್ನೂ ಮುಟ್ಟದವರು ಸಹಾರಾದ ದಕ್ಷಿಣದಲ್ಲೇ ಸುಮಾರು 60 ಕೋಟಿ ಜನ. ಈ ಚಾರ್ಟ್ ನೋಡಿದ ತಕ್ಷಣ ತಲಾ ವಿದ್ಯುತ್ ಬಳಕೆಯ ಚಾರ್ಟನ್ನೂ ತೆರೆಯಬೇಕು ಎಂದು ನಾನು ತರಗತಿಯಲ್ಲಿ ಹಟ ಹಿಡಿಯುತ್ತೇನೆ. ಸಂಪರ್ಕದಲ್ಲಿ ಅಂತರ ಕುಗ್ಗಿದೆ, ಬಳಕೆಯಲ್ಲಿ ಭಾರಿ ಅಂತರ ಹಾಗೇ ಉಳಿದಿದೆ. ಕೊಮಿನ್ ಮತ್ತು ಮೆಸ್ಟಿಯೆರಿ ಹೇಳಿದ್ದು ಎರಡು ಕ್ಲಿಕ್ಕಿನಲ್ಲಿ ಸಿಗುತ್ತದೆ.

ಈಗ ಕೊರತೆಯ ಮಾತು. ಈ ತಾಣದ ಬಹುತೇಕ ಎಲ್ಲ ನಕ್ಷೆಗಳ ಮೂಲ ಅಳತೆ ದೇಶ. ಒಂದು ದೇಶಕ್ಕೆ ಒಂದು ಸಂಖ್ಯೆ, ಒಂದು ಬಣ್ಣ. ಭೂಗೋಳ ಹಾಗೆ ಕೆಲಸ ಮಾಡುವುದಿಲ್ಲ.

ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯವನ್ನೇ ತೆಗೆದುಕೊಳ್ಳಿ. ಅದು ಕಡಲಿಲ್ಲದ ದೇಶಗಳ ಪಟ್ಟಿಯಲ್ಲಿ ಬರುವುದಿಲ್ಲ, ಯಾಕೆಂದರೆ ಅಟ್ಲಾಂಟಿಕ್‌ಗೆ ಸುಮಾರು 40 ಕಿಲೋಮೀಟರ್ ಕರಾವಳಿ ಇದೆ. ಪಶ್ಚಿಮ ಯುರೋಪಿನಷ್ಟು ವಿಸ್ತಾರದ ದೇಶಕ್ಕೆ ಅಷ್ಟೇ ಬಾಗಿಲು. ಸರಿ, ಕಾಂಗೊ ನದಿ ಇದೆಯಲ್ಲ ಅನ್ನಬಹುದು. ಕಿನ್ಶಾಸಾದಿಂದ ಮೇಲಕ್ಕೆ ಸಾವಿರಾರು ಕಿಲೋಮೀಟರ್ ದೋಣಿ ಹೋಗುವ ನದಿಯೇ ಅದು. ಆದರೆ ಕಿನ್ಶಾಸಾ ಮತ್ತು ಮಟಾಡಿ ಬಂದರಿನ ನಡುವೆ ನದಿ ಸಾಲುಸಾಲು ಜಲಪಾತಗಳಲ್ಲಿ ಧುಮುಕುತ್ತದೆ, ಯಾವ ಹಡಗೂ ದಾಟಲಾರದು. ಅದಕ್ಕೇ 1898ರಲ್ಲಿ ಆ ತುಂಡಿಗೆ ಸಮಾನಾಂತರವಾಗಿ ರೈಲು ಹಾಕಿ ಮುಗಿಸಿದರು, ಬಲವಂತದ ದುಡಿಮೆಯಲ್ಲಿ, ಲೆಕ್ಕವಿಲ್ಲದಷ್ಟು ಜೀವಗಳ ಬೆಲೆ ತೆತ್ತು. ಒಳನಾಡಿಗೆ ಹೋಗುವ ಸರಕು ಹಡಗಿನಿಂದ ಇಳಿದು, ರೈಲು ಅಥವಾ ಲಾರಿ ಹತ್ತಿ, ಮತ್ತೆ ಇಳಿದು, ದೋಣಿ ಹತ್ತಬೇಕು. ಪ್ರತಿ ಸಲ ಎತ್ತಿ ಇಳಿಸುವಾಗಲೂ ಕೂಲಿ, ಕಾಯುವಿಕೆ, ಕಳವು, ನಷ್ಟ. ತಾಣದ ನಕ್ಷೆಯಲ್ಲಿ ಮಟಾಡಿಯೂ ಪೂರ್ವದ ಗಡಿಯ ಊರುಗಳೂ ಒಂದೇ ಬಣ್ಣ.

ದಾಖಲೆ ವಿಭಾಗದಲ್ಲಿದ್ದಾಗ ಕೈಯಾರೆ ಕಂಡದ್ದೊಂದನ್ನು ಇಲ್ಲಿ ಹೇಳಬೇಕು. ಕಡಲಿಲ್ಲದ ಒಂದು ದೇಶಕ್ಕೆ ನೀರೆತ್ತುವ ಪಂಪಿನ ಬಿಡಿಭಾಗಗಳ ಕಂಟೇನರ್ ಕಳಿಸಿದ್ದೆವು. ಸಮುದ್ರದ ದಾರಿ ಹೇಳಿದ ದಿನಕ್ಕೇ ಮುಗಿಯಿತು. ಆಮೇಲೆ ಶುರುವಾಯಿತು. ನೆರೆದೇಶದ ಬಂದರಿನಲ್ಲಿ ಟ್ರಾನ್ಸಿಟ್ ಬಾಂಡ್ ಕೊಡಬೇಕು, ಈ ಸರಕು ದಾರಿಯಲ್ಲಿ ಮಾರಾಟವಾಗುವುದಿಲ್ಲ ಎಂಬುದಕ್ಕೆ ಅದು ಜಾಮೀನು. ಬಾಂಡಿನಲ್ಲಿ ಬರೆದ ತೂಕಕ್ಕೂ ಪ್ಯಾಕಿಂಗ್ ಲಿಸ್ಟಿನ ತೂಕಕ್ಕೂ ಅಲ್ಪ ವ್ಯತ್ಯಾಸ ಕಂಡು ಕಾಗದ ವಾಪಸಾಯಿತು. ಅದು ಸರಿಯಾಗುವ ತನಕ ಬಂದರಿನಲ್ಲಿ ಡೆಮರೇಜ್, ಅಂದರೆ ಸರಕು ಎತ್ತದೆ ಬಿಟ್ಟ ದಿನಗಳ ಶುಲ್ಕ, ಏರುತ್ತಲೇ ಹೋಯಿತು. ಲಾರಿ ಹೊರಟ ಮೇಲೆ ಗಡಿಯಲ್ಲಿ ಸೀಲ್ ನಂಬರ್ ಪರಿಶೀಲನೆಗೆ ಸಾಲು. ಸರಕು ಇಳಿಸಿದ ಮೇಲೂ ಮುಗಿಯಲಿಲ್ಲ. ಖಾಲಿ ಕಂಟೇನರನ್ನು ಅದೇ ದಾರಿಯಲ್ಲಿ ಬಂದರಿಗೆ ಮುಟ್ಟಿಸಬೇಕು, ತಡವಾದರೆ ದಿನಕ್ಕಿಷ್ಟು ಎಂದು ಡಿಟೆನ್ಷನ್ ದಂಡ. ಇದೆಲ್ಲ ಸೇರಿ ಕೊನೆಗೆ ರೈತನೊಬ್ಬ ಪಂಪಿನ ವಾಷರ್‌ಗೆ ಕೊಡುವ ಬೆಲೆಯೊಳಗೆ ಕೂರುತ್ತದೆ. ಅಲ್ಲಿ ಪಂಪು ಯಾಕೆ ಕಡಿಮೆ ಹರಡಿದೆ ಎಂದು ಕೇಳಿದರೆ ನನ್ನ ಕಣ್ಣೆದುರಿಗೆ ಆ ಕಾಗದಗಳೇ ಬರುತ್ತವೆ.

ಇದು ನನ್ನೊಬ್ಬಳ ಅನುಭವವಲ್ಲ. ನೂನೊ ಲಿಮಾವೊ ಮತ್ತು ಆಂಥನಿ ವೆನಬಲ್ಸ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಬಾಲ್ಟಿಮೋರ್‌ನಿಂದ ಹೊರಡುವ ಕಂಟೇನರಿನ ಸಾಗಣೆ ವೆಚ್ಚ ಅಳೆದಿದ್ದರು. ಸಮುದ್ರದಲ್ಲಿ ಹೆಚ್ಚುವರಿ ಸಾವಿರ ಕಿಲೋಮೀಟರ್‌ಗೆ 190 ಡಾಲರ್ ಆದರೆ, ನೆಲದ ಮೇಲೆ ಅಷ್ಟೇ ದೂರಕ್ಕೆ 1380 ಡಾಲರ್. ಜಾನ್ ಗ್ಯಾಲಪ್, ಜೆಫ್ರಿ ಸ್ಯಾಕ್ಸ್ ಮತ್ತು ಆಂಡ್ರ್ಯೂ ಮೆಲಿಂಜರ್ 1990ರ ದಶಕದ ಕೊನೆಯಲ್ಲಿ ಇನ್ನೊಂದು ಲೆಕ್ಕ ಕೊಟ್ಟರು. ಸಮಶೀತೋಷ್ಣ ವಲಯದಲ್ಲಿ ಕಡಲಿನಿಂದ ಅಥವಾ ಕಡಲ ಹಡಗು ಹೋಗಬಲ್ಲ ಜಲಮಾರ್ಗದಿಂದ 100 ಕಿಲೋಮೀಟರ್ ಒಳಗಿನ ಪಟ್ಟಿ ಜನವಸತಿಯ ಭೂಭಾಗದಲ್ಲಿ ಸುಮಾರು ಶೇ 8, ಜನಸಂಖ್ಯೆಯಲ್ಲಿ ಸುಮಾರು ಶೇ 23. ಆಗಿನ ಜಾಗತಿಕ ಉತ್ಪನ್ನದಲ್ಲಿ ಅದರ ಪಾಲು ಅರ್ಧಕ್ಕಿಂತ ಹೆಚ್ಚು. ದೇಶದ ಗಡಿಗಳನ್ನು ಮರೆತು ನೆಲವನ್ನು ಚೌಕಚೌಕವಾಗಿ ನೋಡಿದಾಗ ಮಾತ್ರ ಇಂಥದ್ದು ಕಾಣುತ್ತದೆ. ತಾಣದಲ್ಲಿ ದೇಶಗಳ ಪಟ್ಟಿಯ ಪಕ್ಕ ಹತ್ತಿರದ ಬಂದರಿಗೆ ಎಷ್ಟು ದೂರ, ದಾರಿಯಲ್ಲಿ ಎಷ್ಟು ಗಡಿ ಎಂಬ ಎರಡು ಅಂಕಣ ಸೇರಿಸಿದರೂ ಓದು ಎಷ್ಟೋ ಬದಲಾಗುತ್ತದೆ. ಅದಿಲ್ಲದ ಕಾರಣ ನಾನು ಪಕ್ಕದಲ್ಲಿ ನಾಸಾದ ರಾತ್ರಿ ಬೆಳಕಿನ ಉಪಗ್ರಹ ನಕ್ಷೆಯನ್ನು ತೆರೆದಿಟ್ಟುಕೊಳ್ಳುತ್ತೇನೆ. ದೇಶದೊಳಗಿನ ಬೆಳಕು ಕತ್ತಲು ಅಲ್ಲಿ ಸಿಗುತ್ತದೆ.

ನೆಲ ಮತ್ತು ತಂತ್ರಜ್ಞಾನ ಎರಡು ಬೇರೆ ಅಧ್ಯಾಯಗಳಲ್ಲ ಎಂಬುದು ತಾಣದ ಕೃಷಿ ವಿಭಾಗದಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಧಾನ್ಯ ಇಳುವರಿಯ ಚಾರ್ಟ್ ತೆರೆದರೆ ಜಗತ್ತಿನ ಸರಾಸರಿ ಹೆಕ್ಟೇರಿಗೆ ನಾಲ್ಕು ಟನ್ನಿನ ಸುಮಾರಿಗೆ ಇದೆ, ಸಹಾರಾದ ದಕ್ಷಿಣದ ಭಾಗ ಅದರ ಅರ್ಧವನ್ನೂ ಮುಟ್ಟಿಲ್ಲ. ಯಾಕೆ? ಹಸಿರು ಕ್ರಾಂತಿಯ ಮೊದಲ ಫಲಗಳು ಗೋಧಿ ಮತ್ತು ಭತ್ತ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಐಆರ್-8 ತಳಿ ಬಿಡುಗಡೆ ಮಾಡಿದ್ದು 1966ರಲ್ಲಿ. ಮರಗೆಣಸು, ಜೋಳ, ಸಜ್ಜೆ ತಿನ್ನುವ ನಾಡುಗಳಿಗೆ ಆ ಬೀಜದಿಂದ ಏನು ಪ್ರಯೋಜನ? ಅವರ ಬೆಳೆಗಳಿಗೆ ಸುಧಾರಿತ ತಳಿಗಳು ಬಂದದ್ದು ತಡವಾಗಿ, ಹೆಚ್ಚಾಗಿ 1980ರ ನಂತರ. ಫೋನ್ ಎಲ್ಲಿಗೆ ಒಯ್ದರೂ ಫೋನೇ. ಬೀಜ ಹಾಗಲ್ಲ, ಅದು ಅಕ್ಷಾಂಶ, ಮಳೆ, ಮಣ್ಣು, ಕೀಟ ಎಲ್ಲಕ್ಕೂ ಹೊಂದಬೇಕು. ಶ್ರೀಮಂತ ದೇಶಗಳ ಪ್ರಯೋಗಾಲಯದಲ್ಲಿ ಸಮಶೀತೋಷ್ಣ ವಲಯದ ಬೆಳೆಗೆ ಆದಷ್ಟು ಸಂಶೋಧನೆ ಉಷ್ಣವಲಯದ ಬೆಳೆಗೆ ಆಗಲಿಲ್ಲ. ಅದರ ಜೊತೆ ಜಾನುವಾರುಗಳಿಗೆ ಮಾರಕ ರೋಗ ಹರಡುವ ಟ್ಸೆಟ್ಸೆ ನೊಣ ಇರುವ ಪ್ರದೇಶದಲ್ಲಿ ಎತ್ತು, ಕುದುರೆ ಬದುಕುವುದೇ ಕಷ್ಟ, ಹಾಗಾಗಿ ನೇಗಿಲಿಗೂ ಗಾಡಿಗೂ ಅಲ್ಲಿ ಶತಮಾನಗಳ ಕಾಲ ಜಾಗವಿರಲಿಲ್ಲ. ಮಾರ್ಸೆಲ್ಲಾ ಅಲ್ಸನ್ 2015ರಲ್ಲಿ ಇದನ್ನು ವಿವರವಾಗಿ ತೋರಿಸಿದ್ದಾರೆ. ತಾಣದಲ್ಲಿ ಇಳುವರಿಯ ಗೆರೆ ಇದೆ, ಗೊಬ್ಬರದ ಗೆರೆಯೂ ಇದೆ. ನೊಣದ ಹರವನ್ನು ಅವುಗಳ ಮೇಲೆ ಇಟ್ಟು ನೋಡುವ ಅವಕಾಶ ಇಲ್ಲ.

ಇಷ್ಟೆಲ್ಲ ಹೇಳಿದ್ದಕ್ಕೆ ಭೂಗೋಳವೇ ಹಣೆಬರಹ ಎಂದು ನಾನು ವಾದಿಸುತ್ತಿದ್ದೇನೆ ಅಂದುಕೊಳ್ಳಬೇಡಿ. ಆ ವಾದವನ್ನು ನಾನು ಒಪ್ಪುವುದಿಲ್ಲ, ಒಪ್ಪದಿರಲು ಈ ತಾಣವೇ ಸಾಕ್ಷಿ ಒದಗಿಸುತ್ತದೆ. ಬೋಟ್ಸ್ವಾನ ಮತ್ತು ಜಾಂಬಿಯಾ ಎರಡನ್ನೇ ಆರಿಸಿಕೊಂಡು ತಲಾ ಜಿಡಿಪಿ ಚಾರ್ಟ್ ತೆರೆಯಿರಿ. ಎರಡಕ್ಕೂ ಕಡಲಿಲ್ಲ, ಎರಡೂ ನೆರೆಹೊರೆ, ಎರಡರಲ್ಲೂ ಖನಿಜ. 1964ರಲ್ಲಿ ಸ್ವತಂತ್ರವಾದಾಗ ಜಾಂಬಿಯಾಕ್ಕೆ ತಾಮ್ರದ ಆದಾಯವಿತ್ತು. 1966ರಲ್ಲಿ ಸ್ವತಂತ್ರವಾದ ಬೋಟ್ಸ್ವಾನದಲ್ಲಿ ಡಾಂಬರು ರಸ್ತೆ ಇದ್ದದ್ದು 12 ಕಿಲೋಮೀಟರ್ ಎಂದು ಎಲ್ಲರೂ ಉಲ್ಲೇಖಿಸುತ್ತಾರೆ. ಮರುವರ್ಷ ಒರಾಪಾದಲ್ಲಿ ವಜ್ರ ಸಿಕ್ಕಿತು. ಸರ್ಕಾರ ವಜ್ರದ ಕಂಪನಿ ಡಿ ಬೀರ್ಸ್ ಜೊತೆ ಪಾಲುದಾರಿಕೆ ಮಾಡಿಕೊಂಡು ಬಂದ ಹಣವನ್ನು ರಸ್ತೆ, ಶಾಲೆಗೆ ಹಾಕಿತು. ಜಾಂಬಿಯಾ 1970ರ ದಶಕದಲ್ಲಿ ತಾಮ್ರದ ಬೆಲೆ ಕುಸಿದಾಗ ಸಾಲಕ್ಕೆ ಬಿತ್ತು. ಲಾಗ್ ಸ್ಕೇಲ್‌ನಲ್ಲಿ ಎರಡು ಗೆರೆ ಒಂದನ್ನೊಂದು ಕತ್ತರಿಸಿ ದೂರವಾಗುವುದನ್ನು ನೋಡಿ. ಡರೋನ್ ಅಸೆಮೊಗ್ಲು, ಸೈಮನ್ ಜಾನ್ಸನ್, ಜೇಮ್ಸ್ ರಾಬಿನ್ಸನ್ ಅವರಿಗೆ 2024ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಸಮಾಜದ ಕಟ್ಟಳೆಗಳು, ಸಂಸ್ಥೆಗಳು ಹೇಗೆ ರೂಪುಗೊಂಡು ಸಮೃದ್ಧಿಯನ್ನು ನಿರ್ಧರಿಸುತ್ತವೆ ಎಂಬ ಅಧ್ಯಯನಕ್ಕೆ. ಆದರೂ ಆ ಎರಡು ದೇಶಗಳ ನಡುವೆ ಜಾಂಬೆಜಿ ನದಿಯ ಕಜುಂಗುಲಾದಲ್ಲಿ ಲಾರಿಗಳು ದೋಣಿಗಾಗಿ ದಿನಗಟ್ಟಲೆ ಸಾಲು ನಿಲ್ಲುತ್ತಿದ್ದವು, 2021ರಲ್ಲಿ ಸೇತುವೆ ಬರುವ ತನಕ. ಒಳ್ಳೆಯ ಆಡಳಿತವೂ ನದಿ ದಾಟಲು ಸೇತುವೆ ಕಟ್ಟಿಸಲೇಬೇಕು.

ಸಿಂಗಪುರದ ಉದಾಹರಣೆ ಎಲ್ಲರೂ ಕೊಡುತ್ತಾರೆ. ಭೂಮಧ್ಯರೇಖೆಯ ಪಕ್ಕದಲ್ಲೇ ಇದ್ದೂ ಶ್ರೀಮಂತವಾದ ನಾಡು ಅದು. ನಾನು ಸೇರಿಸುವುದು ಇಷ್ಟೇ: ಮಾಲ್ಕಮ್ ಮೆಕ್ಲೀನ್ 1956ರಲ್ಲಿ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ 58 ಪೆಟ್ಟಿಗೆಗಳನ್ನು ಹಡಗಿನಲ್ಲಿ ಕಳಿಸಿ ಕಂಟೇನರ್ ಯುಗ ಶುರುಮಾಡಿದ, ಸಿಂಗಪುರ 1972ರಲ್ಲೇ ತಾಂಜೊಂಗ್ ಪಗಾರ್‌ನಲ್ಲಿ ಕಂಟೇನರ್ ಟರ್ಮಿನಲ್ ತೆರೆದು ಕೂತಿತ್ತು. ಮಲಕ್ಕಾ ಜಲಸಂಧಿಯ ಬಾಯಲ್ಲಿದ್ದ ಜಾಗಕ್ಕೆ ಸರಿಯಾದ ತಂತ್ರಜ್ಞಾನ ಸರಿಯಾದ ಹೊತ್ತಿಗೆ ಸೇರಿತು. ಒಳನಾಡಿನ ದೇಶ ಅದೇ ಕ್ರೇನ್ ಕೊಂಡರೆ ಎಲ್ಲಿ ನಿಲ್ಲಿಸಬೇಕು?

ತಂತ್ರಜ್ಞಾನ ದೂರವನ್ನು ಅಳಿಸಿಹಾಕಿತು ಅನ್ನುವವರಿಗೆ ಕೇಬಲ್ ನಕ್ಷೆ ತೋರಿಸಬೇಕು. ಪೂರ್ವ ಆಫ್ರಿಕಾದ ಕರಾವಳಿಗೆ ಸೀಕಾಮ್ ಸಮುದ್ರ ಕೇಬಲ್ ಬಂದದ್ದು 2009ರಲ್ಲಿ. ಅಲ್ಲಿಯ ತನಕ ಇಡೀ ಪ್ರದೇಶ ದುಬಾರಿ ಉಪಗ್ರಹದ ಮೇಲೆ ನಿಂತಿತ್ತು. ಉಗಾಂಡ, ರುವಾಂಡಕ್ಕೆ ಆ ಕೇಬಲ್ಲಿನ ಫಲ ಸಿಗಲು ನೆರೆದೇಶದ ನೆಲದಲ್ಲಿ ಫೈಬರ್ ಎಳೆಯಬೇಕಾಯಿತು, ಸರಕಿನ ಲಾರಿ ಹಿಡಿದ ದಾರಿಯನ್ನೇ ಡೇಟಾ ಕೂಡ ಹಿಡಿಯಿತು. 2022ರ ಜನವರಿಯಲ್ಲಿ ಜ್ವಾಲಾಮುಖಿ ಸಿಡಿದು ಟೊಂಗಾದ ಒಂದೇ ಒಂದು ಅಂತರರಾಷ್ಟ್ರೀಯ ಕೇಬಲ್ ತುಂಡಾದಾಗ ದ್ವೀಪದೇಶ ಸುಮಾರು ಐದು ವಾರ ಹೊರಜಗತ್ತಿನ ಸರಿಯಾದ ಸಂಪರ್ಕವಿಲ್ಲದೆ ಕಳೆಯಿತು.

ಇದೇ ಬಗೆಯ ಬೇರೆ ತಾಣಗಳ ಬಗ್ಗೆ ಚುಟುಕಾಗಿ. ಗ್ಯಾಪ್‌ಮೈಂಡರ್‌ನ ಚಲಿಸುವ ಗುಳ್ಳೆಗಳ ಚಾರ್ಟ್ ಮೊದಲ ದಿನದ ತರಗತಿಗೆ ಇದಕ್ಕಿಂತ ಚೆನ್ನ, ದೇಶಗಳು ಓಡುವುದನ್ನು ನೋಡಿ ಮಕ್ಕಳಿಗೆ ಕುತೂಹಲ ಕೆರಳುತ್ತದೆ. ಆದರೆ ಹಳೆಯ ವರ್ಷಗಳಿಗೆ ಅಲ್ಲಿ ಸ್ಥೂಲ ಅಂದಾಜುಗಳನ್ನು ತುಂಬಿರುತ್ತಾರೆ, ಅದನ್ನು ಅವರೇ ಹೇಳುತ್ತಾರೆ. ವಿಶ್ವಬ್ಯಾಂಕಿನ ದತ್ತಾಂಶ ತಾಣದಲ್ಲಿ ಸರಕು ಹೆಚ್ಚು, ವಿವರಣೆ ಕಡಿಮೆ. ಏನು ಬೇಕು ಎಂದು ಮೊದಲೇ ಗೊತ್ತಿದ್ದವರಿಗೆ ಅದು ಸರಿ.

ಬಳಕೆಯ ವಿಷಯದಲ್ಲಿ ಹೇಳುವುದಾದರೆ, ಫೋನಿನಲ್ಲಿ ಚಾರ್ಟ್ ತೆರೆಯುತ್ತದೆ ನಿಜ, ಆದರೆ ಏಳೆಂಟು ದೇಶ ಸೇರಿಸಿದರೆ ಹೆಸರುಗಳು ಇಕ್ಕಟ್ಟಾಗುತ್ತವೆ, ದೊಡ್ಡ ಪರದೆಯೇ ಅನುಕೂಲ. ಬರಹವೆಲ್ಲ ಇಂಗ್ಲಿಷಿನಲ್ಲಿದೆ. ಇಂಗ್ಲಿಷ್ ಓದು ಕಷ್ಟವಾಗುವ ವಿದ್ಯಾರ್ಥಿಗಳಿಗೆ ನಾನು ಅಂಕಿಅಂಶದ ಪಟ್ಟಿಯಾದ ಸಿಎಸ್‌ವಿ ಫೈಲ್ ಇಳಿಸಿಕೊಂಡು ದೇಶಗಳ ಹೆಸರನ್ನು ಕನ್ನಡದಲ್ಲಿ ಬರೆದು ನಾಲ್ಕೇ ಅಂಕಣದ ಹಾಳೆ ಮಾಡಿ ಕೊಡುತ್ತೇನೆ. ಪರವಾನಗಿ ಅದಕ್ಕೆ ಅವಕಾಶ ಕೊಡುತ್ತದೆ, ಮೂಲ ಹೆಸರಿಸಿದರಾಯಿತು. ಇಳಿಸಿಕೊಂಡ ಫೈಲಿಗೆ ನೆಟ್ ಬೇಡ ಎಂಬುದೂ ಒಂದು ಲಾಭ. ಆ ಹಾಳೆಯಲ್ಲಿ ದೇಶ, ತಲಾ ಜಿಡಿಪಿ, ತಲಾ ವಿದ್ಯುತ್ ಬಳಕೆ ತಾಣದಿಂದ ಬರುತ್ತವೆ. ನಾಲ್ಕನೆಯ ಅಂಕಣದ ತಲೆಬರಹ 'ಯಾವ ಬಂದರು'. ಅದನ್ನು ಖಾಲಿ ಬಿಟ್ಟು, ಅಟ್ಲಾಸ್ ಕೈಗೆ ಕೊಟ್ಟು, ಇಥಿಯೋಪಿಯಾದಿಂದ ಶುರುಮಾಡಿ ಅನ್ನುತ್ತೇನೆ. 1993ರಲ್ಲಿ ಎರಿಟ್ರಿಯಾ ಬೇರೆಯಾದಾಗ ಅದು ತನ್ನ ಕರಾವಳಿಯನ್ನೆಲ್ಲ ಕಳೆದುಕೊಂಡಿತು, ಇಂದು ಅದರ ಬಹುಪಾಲು ಸರಕು ಜಿಬೂಟಿಯಿಂದ ಬರುತ್ತದೆ, ಆ ದಾರಿಗೆಂದು ಸುಮಾರು 750 ಕಿಲೋಮೀಟರ್ ವಿದ್ಯುತ್ ರೈಲು ಹಾಕಿಕೊಂಡಿದೆ. ಉಳಿದದ್ದನ್ನು ಅವರೇ ಹುಡುಕಿ ತುಂಬುತ್ತಾರೆ.